ಚೀಲವಿಲ್ಲದೆ ನಡೆದವಳು

ಹೊಲಿಗೆಯಕ್ಕನ ಕಾಲು ಮಷಿನ್ನಿನ ಪೆಡಲ್ ತುಳಿದೇ ಭೂಮಿಯನ್ನೊಂದು ಸುತ್ತು ಹಾಕಿರಬೇಕು. ಹೊಸಿಲು ದಾಟಿದ್ದು ಮಾತ್ರ ಕಡಿಮೆ. "ದಿನಾ ನಡೀರಿ. ಇಲ್ದಿದ್ರೆ ಸಕ್ಕರೆಗೆ ಇನ್ನು ಮಾತ್ರೆ ಸಾಕಾಗಲ್ಲ, ಸೂಜಿನೇ" ಎಂದರು ಡಾಕ್ಟರು. ಜೀವಮಾನವಿಡೀ ಸೂಜಿಯಿಂದ ಅನ್ನ ತಿಂದವಳು ಸೂಜಿಯೆಂದರೆ ಬೆವರಿದಳು.

ಮರುದಿನವೇ ಬರಿಗೈಯಲ್ಲಿ ಬೀದಿಗಿಳಿದಳು. ಆ ಬೀದಿಗೆ ಫುಟ್‌ಪಾತ್ ಇಲ್ಲವೆಂದು ಯಾರೂ ದೂರುವಂತಿಲ್ಲ. ಇದೆ: ಕಾರು ನಿಲ್ಲಿಸಲು, ಹೂಕುಂಡ ಜೋಡಿಸಲು, ಒಡೆದ ಕಮೋಡು ಎಸೆಯಲು. ಮನುಷ್ಯರ ಪಾದಕ್ಕಷ್ಟೇ ಅಲ್ಲಿ ಜಾಗವಿಲ್ಲ. ಅಕ್ಕ ರಸ್ತೆಯಂಚಿಗೆ ಅಂಟಿಕೊಂಡು ನಡೆದರೆ ಗೇಟಿಗೊಬ್ಬರು ತನಿಖಾಧಿಕಾರಿ.

"ಎಲ್ಲಿಗೆ ಹೊರಟ್ರಿ ಅಕ್ಕಾ?"

"ಎಲ್ಲಿಗೂ ಇಲ್ಲ, ಸುಮ್ನೆ."

"ಸುಮ್ನೆ ಅಂದ್ರೆ? ಮನೇಲೇನಾದ್ರೂ ಜಗಳಾನಾ?"

ಸಂಜೆಯೊಳಗೆ ಸೊಸೆಯೇ ಅತ್ತೆಯನ್ನು ಹೊರಗಟ್ಟಿದಳೆಂದು ಬೀದಿ ತೀರ್ಪು ಕೊಟ್ಟಾಗಿತ್ತು. ಸೊಸೆ ಮುಖ ಊದಿಸಿಕೊಂಡಳು. "ಅತ್ತೆ, ನಡೀರಿ, ಬೇಡ ಅನ್ನಲ್ಲ. ಕೈಯಲ್ಲೊಂದು ಚೀಲನಾದ್ರೂ ಹಿಡ್ಕೊಳ್ಳಿ, ನನ್ನ ಮಾನ ಉಳೀಲಿ."

ಚೀಲ ಹಿಡಿದದ್ದೇ ತಡ, ಗೇಟುಗಳು ಪ್ರೀತಿಯಿಂದ ತೆರೆದುಕೊಂಡವು. "ಹೇಗೂ ಅಂಗಡಿಗೆ ಹೋಗ್ತಿದ್ದೀರಲ್ಲ, ಸ್ವಲ್ಪ ಈರುಳ್ಳಿ ತನ್ನಿ." "ನಮಗೊಂದು ಎಣ್ಣೆ ಪ್ಯಾಕೆಟ್ಟು." ಹಾಲು ತರಲೂ ಸ್ಕೂಟರ್ ಹತ್ತುವ ಜನಕ್ಕೆ ಈಗ ಪೆಟ್ರೋಲೂ ಉಳಿಯಿತು. ಅಕ್ಕನ ಹೊತ್ತೆಲ್ಲ ಅಂಗಡಿಯ ಮುಂದೆ ನಿಲ್ಲುವುದರಲ್ಲೇ ಕಳೆಯಿತು. ಸಕ್ಕರೆ ಚೂರೂ ಇಳಿಯಲಿಲ್ಲ.

"ನಡೀತಿದ್ದೀರೇನ್ರಿ?" ಡಾಕ್ಟರು ಗದರಿದರು.

"ಇಲ್ಲ ಡಾಕ್ಟ್ರೇ, ಹೊರ್ತಿದ್ದೀನಿ."

"ಇದೊಂದು ತಿಂಗಳು ನೋಡ್ತೀನಿ. ಆಮೇಲೆ ಸೂಜಿ."

ಮರುದಿನ ಅಕ್ಕ ಚೀಲವನ್ನು ಮನೆಯ ಗೇಟಿಗೇ ನೇತುಹಾಕಿದಳು. ಈರುಳ್ಳಿಯ ಮನೆಯಾಕೆ ಬಾಯಿ ತೆರೆಯುವ ಮೊದಲೇ, "ನಿಮ್ಮ ಕಾಲು ಗಟ್ಟಿಯಾಗೇ ಇದೆಯಲ್ಲಮ್ಮ, ನೀವೇ ಹೋಗಿ ತನ್ನಿ" ಎಂದು ರಸ್ತೆಯ ನಟ್ಟನಡುವೆ ಹೆಜ್ಜೆ ಹಾಕಿದಳು.

ಹಿಂದಿನಿಂದ ಹಾರ್ನ್ ಅರಚಿತು. ಮೂಲೆಮನೆಯ ಕಂಟ್ರಾಕ್ಟರ್ ಕಾರಿನಿಂದ ತಲೆ ಹೊರಗೆ ಹಾಕಿದ. "ಏನಮ್ಮಾ, ರಸ್ತೆ ನಿಮ್ಮಪ್ಪಂದಾ?"

"ಅಲ್ಲಪ್ಪಾ, ನಿಂದೇ. ಫುಟ್‌ಪಾತನ್ನೂ ನಿಂದೇ ಮಾಡ್ಕೊಂಡಿದ್ದೀಯಲ್ಲ. ಅಲ್ಲಿ ಮಲಗಿಸಿರೋ ಇನ್ನೊಂದು ಕಾರು ತೆಗಿ, ಈಗಲೇ ಪಕ್ಕಕ್ಕೆ ಹೋಗ್ತೀನಿ."

ಅವನು ಅದನ್ನು ತೆಗೆಯಲಿಲ್ಲ, ಹಾರ್ನಿನಿಂದ ಕೈಯನ್ನೂ ತೆಗೆಯಲಿಲ್ಲ. ಅಕ್ಕ ತನ್ನ ಪಾಡಿಗೆ ನಡೆದಳು. ಹಿಂದೆ ಅವನ ಕಾರು ತೆವಳಿತು, ಅದರ ಹಿಂದೆ ಹಾಲಿನ ವ್ಯಾನು, ಅದರ ಹಿಂದೆ ಎಲ್ಲ ಸ್ಕೂಟರುಗಳು. ಬೀದಿಯ ತುದಿ ಮುಟ್ಟಿ ಅಕ್ಕ ಹಿಂದಕ್ಕೆ ತಿರುಗಿದಳು. ಇನ್ನೊಂದು ಸುತ್ತು ಬಾಕಿಯಿತ್ತು.