ಲಾಡ್ಜಿನ ವೈಫೈ ಮಾಡದ ತಪ್ಪು

ಚಿಕ್ಕಮ್ಮನ ಫೋನು ಹ್ಯಾಕ್ ಆಗಿದ್ದು ಮುರ್ಡೇಶ್ವರದ ಲಾಡ್ಜಿನ ವೈಫೈಯಿಂದ ಎಂದು ನಮ್ಮ ಮನೆತನದಲ್ಲಿ ಎಲ್ಲರೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಪರ ಊರು, ಮುಖ ಕಾಣದ ಕಳ್ಳ, ನಮ್ಮವರದ್ದೇನೂ ತಪ್ಪಿಲ್ಲ. ತೊಡಕು ಒಂದೇ: ಆ ವೈಫೈ ನಮ್ಮ ಕೋಣೆಯವರೆಗೆ ಬರುತ್ತಲೇ ಇರಲಿಲ್ಲ. ಬೇಕೆಂದವರು ಮೂರು ಮಹಡಿ ಇಳಿದು ಕೌಂಟರಿನ ಮುಂದೆ ನಿಲ್ಲಬೇಕಿತ್ತು. ಮಂಡಿನೋವಿನ ಚಿಕ್ಕಮ್ಮ ಊಟಕ್ಕೆ ಇಳಿಯುವುದಕ್ಕೇ ಗೊಣಗುತ್ತಿದ್ದಳು.

ಅಲ್ಲದೆ, ಹೊರಡುವ ಮುಂಚೆ ಉಪದೇಶ ಮಾಡಿದವಳು ನಾನೇ. ಸರಸ್ವತಿ ನಗರದ ನಮ್ಮ ಮನೆಯಲ್ಲಿ ಬ್ಯಾಗು ತುಂಬುತ್ತಿದ್ದಾಗ ಅಪ್ಪ, ಅಮ್ಮ, ಹರಿಹರದಿಂದ ಬಂದಿದ್ದ ಚಿಕ್ಕಮ್ಮ ಮೂವರನ್ನೂ ಕೂರಿಸಿಕೊಂಡು, ಕಾಲೇಜಿನ ಚರ್ಚಾಸ್ಪರ್ಧೆಯ ದನಿಯಲ್ಲಿ ಹೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಕೇಬಲ್ಲಿಗೆಲ್ಲ ಫೋನು ಚಾರ್ಜಿಗೆ ಹಾಕಬೇಡಿ, ಪುಕ್ಕಟೆ ವೈಫೈ ಮುಟ್ಟಬೇಡಿ, ಗುರುತಿಲ್ಲದ ನಂಬರಿನಿಂದ ಏನು ಬಂದರೂ ತೆರೆಯಬೇಡಿ. ಚಿಕ್ಕಮ್ಮ ಮೂರನ್ನೂ ಪಾಲಿಸಿದಳು. ಅವಳಿಗೆ ಬಂದಿದ್ದು ಗುರುತಿನ ನಂಬರಿನಿಂದ.

ಎರಡನೇ ದಿನ ಸಂಜೆ ಕಡಲ ದಂಡೆಯಲ್ಲಿ ಕೂತಿದ್ದಾಗ, ಆನಗೋಡಿನ ದೊಡ್ಡಪ್ಪನ ನಂಬರಿನಿಂದ ಅವಳ ವಾಟ್ಸಾಪಿಗೆ ಒಂದು ಫೈಲು ಬಂತು. ಮೇಲೆ ‘ಮದುವೆ ಆಮಂತ್ರಣ’ ಎಂದಿತ್ತು. ದೊಡ್ಡಪ್ಪನ ಕಿರಿಮಗಳಿಗೆ ಸಂಬಂಧ ಗೊತ್ತಾಗಿತ್ತು, ಪತ್ರಿಕೆ ಇವತ್ತೋ ನಾಳೆಯೋ ಬರಬೇಕಿತ್ತು. ಸಂಶಯ ಯಾಕೆ ಬರಬೇಕು?

ನಮ್ಮಲ್ಲಿ ಲಗ್ನಪತ್ರಿಕೆ ಕೈಗೆ ಬಂದರೆ ಮುಹೂರ್ತ ನೋಡುವುದು ಆಮೇಲೆ. ಕಣ್ಣು ಮೊದಲು ಹೋಗುವುದು ಕೆಳಗಿನ ‘ಸುಖಾಗಮನ ಬಯಸುವವರು’ ಎಂಬ ಪಟ್ಟಿಗೆ. ಯಾರ ಹೆಸರಿದೆ, ಯಾರದು ಯಾರಿಗಿಂತ ಮೇಲಿದೆ, ಯಾರದನ್ನು ಬಿಟ್ಟಿದ್ದಾರೆ. ಚಿಕ್ಕಪ್ಪ ತೀರಿಕೊಂಡ ಮರುವರ್ಷ ದೊಡ್ಡಪ್ಪನ ಹಿರಿಮಗಳ ಮದುವೆಯಾಯಿತು. ಪತ್ರಿಕೆಯಲ್ಲಿ ಅಣ್ಣತಮ್ಮಂದಿರ ಹೆಸರು ಗಂಡಹೆಂಡತಿ ಜೋಡಿಯಾಗಿ ಅಚ್ಚಾಗಿತ್ತು. ಚಿಕ್ಕಪ್ಪನದು ಇರಲಿಲ್ಲ. ಅದರ ಜೊತೆ ಚಿಕ್ಕಮ್ಮನದೂ ಹೋಗಿತ್ತು. ಆ ಮದುವೆಯಲ್ಲಿ ಅವಳು ಎರಡು ದಿನ ಹೋಳಿಗೆ ತಟ್ಟಿದಳು, ಹೆಸರಿನ ಮಾತು ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ದಂಡೆಯಲ್ಲಿ ಫೈಲು ಒತ್ತಿದಾಗ ಫೋನು ಎಚ್ಚರಿಕೆ ಕೊಟ್ಟಿತು, ಅನುಮತಿ ಕೇಳಿತು, ಮತ್ತೆ ಕೇಳಿತು. ಅವಳು ಎಲ್ಲದಕ್ಕೂ ಹೂಂ ಎಂದು ಒತ್ತಿದಳು. ಪತ್ರಿಕೆ ಮಾತ್ರ ಕಾಣಲಿಲ್ಲ. ಅರ್ಧ ಗಂಟೆ ಒದ್ದಾಡಿ, “ಇದ್ರಾಗೆ ಹೆಸ್ರು ಎಲ್ಲಿ ಬರ್ತಾವೆ, ಸ್ವಲ್ಪ ನೋಡು” ಎಂದು ನನ್ನ ಕೈಗೆ ಕೊಟ್ಟಳು. ಅಷ್ಟರಲ್ಲಿ ಅದೇ ಫೈಲು ಅವಳ ಹೆಸರಿನಿಂದ ಅವಳ ಹತ್ತಿರ ಬ್ಲೌಸು ಹೊಲಿಸುವ ಗಿರಾಕಿಗಳಿಗೆಲ್ಲ ಹೋಗಿತ್ತು. ಅದು ಪತ್ರಿಕೆಯಲ್ಲ, ಫೋನಿನೊಳಗೆ ಹೊಕ್ಕು ಕೂರುವ ಕಳ್ಳ ಆಪ್. ಇಂಟರ್‌ನೆಟ್ ಬಂದ್ ಮಾಡಿ, ನನ್ನ ಫೋನಿನಿಂದ ಒಬ್ಬೊಬ್ಬರಿಗೂ ‘ತೆರೆಯಬೇಡಿ’ ಎಂದು ಹೇಳುವಷ್ಟರಲ್ಲಿ ಕತ್ತಲಾಗಿತ್ತು. ಊರಿಗೆ ಬಂದು ಮೊಬೈಲ್ ಅಂಗಡಿಯಲ್ಲಿ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹಾಕಿಸಿದೆವು.

ಮುಂದಿನ ಭಾನುವಾರ ದೊಡ್ಡಪ್ಪ ಹರಿಹರಕ್ಕೆ, ಚಿಕ್ಕಮ್ಮನ ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಚಿಕ್ಕಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು.

“ಕಡ್ಲು ನೋಡಾಕೆ ಹೋಗಿ ಫೋನ್ ಮುಳುಗಿಸ್ಕೊಂಡು ಬಂದ್ಯಂತೆ?” ಎಂದು ದೊಡ್ಡಪ್ಪ ನಕ್ಕರು.

“ಲಾಡ್ಜಿನ ವೈಫೈ ಅಂತ್ರಿ, ಭಾವಾ,” ಎಂದಳು ಚಿಕ್ಕಮ್ಮ, ತಟ್ಟೆಯ ಕಡೆ ನೋಡುತ್ತ.

“ನಾನೂ ಅದೇ ಅಂದೆ. ಹೊರಗಿನೋರ್ನ ನಂಬಬಾರ್ದು.”

ನನಗೆ ತಡೆಯಲಾಗಲಿಲ್ಲ. “ದೊಡ್ಡಪ್ಪ, ಆ ಫೈಲು ಬಂದಿದ್ದೇ ನಿಮ್ಮ ನಂಬರಿಂದ.”

“ಪತ್ರಿಕೆ ಇನ್ನೂ ಪ್ರೆಸ್ಸಿಗೇ ಹೋಗಿಲ್ಲ, ನಾನ್ಯಾಕೆ ಕಳಿಸ್ಲಿ? ನಾನೇನ್ ಲಾಡ್ಜಿಗೆ ಹೋಗಿದ್ನಾ?”

“ಹೋಗಿಲ್ವಲ್ಲ, ಹಂಗಾದ್ರೆ ಲಾಡ್ಜಿನ ವಾದ ಬಿತ್ತು. ಫೋನ್ ಕೊಡ್ರಿ ಇಲ್ಲಿ.”

“ಲಾಯರಮ್ಮಾ, ಮೆಣಸಿನಕಾಯಿ ತಿನ್ನಾಕಾದ್ರೂ ಬಿಡ್ತಿಯೋ ಇಲ್ಲೋ?” ಎನ್ನುತ್ತಲೇ ಕೊಟ್ಟರು.

ಫೈಲು ಅವರ ವಾಟ್ಸಾಪಿನಲ್ಲೇ ಇತ್ತು. ಬೀಗರ ನಂಬರಿನಿಂದ ಅವರಿಗೆ ಬಂದು, ಅವರಿಂದ ಅರ್ಧ ಬಳಗಕ್ಕೆ ಹೋಗಿತ್ತು. ತೋರಿಸಿದೆ. ದೊಡ್ಡಪ್ಪ ಫೋನು ಇಸಿದುಕೊಂಡು ಜೇಬಿಗೆ ತುರುಕಿದರು.

“ಆಯ್ತಪ್ಪ, ನಂದೇ ಅನ್ನು. ನಾನು ಬೀಗರು ಕಳಿಸ್ಯಾರೆ ಅಂತ ಒಂದ್ಸಲ ಒತ್ತಿದೆ. ಈಕೆ ಅರ್ಧ ಗಂಟೆ ಒತ್ತಿದ್ಲು ಅಂತ ನಿಮ್ಮಪ್ಪನೇ ಹೇಳ್ದ. ಅಂಥಾ ಅವಸರ ಏನಿತ್ತು ಈಕೆಗೆ?”

ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. “ತನ್ನ ಹೆಸರು ಹಾಕ್ಸ್ಯಾರೋ ಇಲ್ಲೋ ಅಂತ ನೋಡಾಕೆ.”

ಚಿಕ್ಕಮ್ಮ ಎದ್ದಳು. ಇನ್ನೂ ಅರ್ಧ ತುಂಬಿದ್ದ ನನ್ನ ತಟ್ಟೆಯನ್ನೇ ಎತ್ತಿಕೊಂಡು ಒಳಗೆ ಹೋದಳು.

ವೈಫೈ ಕತೆ ಸುಳ್ಳೆಂದು ಸಾಬೀತು ಮಾಡುವುದಕ್ಕೆ ನನಗೆ ಎರಡು ನಿಮಿಷ ಸಾಕಾಗಿತ್ತು. ಅದು ಯಾರಿಗೆ ಯಾಕೆ ಬೇಕಾಗಿತ್ತು ಎಂದು ಕೇಳಿಕೊಳ್ಳುವುದನ್ನು ಯಾವ ಚರ್ಚಾವೇದಿಕೆಯೂ ನನಗೆ ಕಲಿಸಿರಲಿಲ್ಲ. ದೊಡ್ಡಪ್ಪನಿಗೆ ಅದು ಬೇಕಿದ್ದದ್ದು ತಮ್ಮ ಫೋನಿನ ಮಾನಕ್ಕೆ. ಚಿಕ್ಕಮ್ಮನಿಗೆ ಬೇಕಿದ್ದದ್ದು ಆ ಅರ್ಧ ಗಂಟೆಯನ್ನು ಮುಚ್ಚಿಕೊಳ್ಳಲು. ತಾನು ಆಸೆಪಟ್ಟಿದ್ದು ಇವರಿಗೆ ಗೊತ್ತಾಗುವುದಕ್ಕಿಂತ, ಬುದ್ಧಿಯಿಲ್ಲದೆ ಮೋಸಹೋದೆ ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವಳು ಲೆಕ್ಕ ಹಾಕಿದ್ದಳು. ನಾನು ಅವಳ ಪರವಾಗಿ ವಾದಿಸಿ, ಆ ಆಸೆಯನ್ನೇ ತೆಗೆದು ನಡುಮನೆಯಲ್ಲಿ ಇಟ್ಟಿದ್ದೆ.

ಆಡಿದ ಮಾತನ್ನು ಹಿಂದಕ್ಕೆ ತರಲಾಗುವುದಿಲ್ಲ. ಒಳಗಡೆ ಪಾತ್ರೆಯ ಸದ್ದು ನಿಂತಿತ್ತು, ಅವಳು ಕೇಳಿಸಿಕೊಳ್ಳುತ್ತಿದ್ದಳು.

“ದೊಡ್ಡಪ್ಪ,” ಎಂದೆ, “ಪತ್ರಿಕೆ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ ಅಂದ್ರಲ್ಲ. ಚಿಕ್ಕಮ್ಮನ ಹೆಸರು ಹಾಕಿಸ್ತೀರೋ, ಇಲ್ಲೋ?”