ಮೂಡಿಗೆರೆಯ ಅರ್ಧ ಅಂಕ

ಶನಿವಾರ ನಸುಕಿನಲ್ಲೇ ಮಂಗಳೂರು ಬಿಟ್ಟ ಬಸ್ಸು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ತಿಂಡಿಗೆ ನಿಂತಿತು. ನೀರುದೋಸೆ ಚೆನ್ನಾಗಿತ್ತು, ಜನವರಿಯ ಚಳಿ ಅದಕ್ಕಿಂತ ಚೆನ್ನಾಗಿತ್ತು. ಮುಂದೆ ರಸ್ತೆ ಬದಿಯ ಕಣಗಳಲ್ಲೆಲ್ಲ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿತ್ತು. ನೋಡಿದೆ, ಅಷ್ಟೆ. ತಲೆಯಲ್ಲಿದ್ದದ್ದು ಮೂಡಿಗೆರೆಯ ಚೆಸ್ ಪಂದ್ಯಾವಳಿ.

ಬಂದವರಲ್ಲಿ ನನ್ನ ರೇಟಿಂಗೇ ಹೆಚ್ಚು. ಅಂದಿನ ಆಟಗಳನ್ನೆಲ್ಲ ಗೆದ್ದೆ. ಭಾನುವಾರ ಬೆಳಗಿನ ಕೊನೆಯ ಸುತ್ತಿಗೆ ಎದುರು ಕೂತವರು ಬಣಕಲ್ಲಿನ ಸಣ್ಣ ಬೆಳೆಗಾರ ನಾಗೇಶಗೌಡರು. ರೇಟಿಂಗಿನಲ್ಲಿ ನನಗಿಂತ ಬಹಳ ಕೆಳಗೆ, ಅಂಕದಲ್ಲಿ ಮಾತ್ರ ಅರ್ಧವೇ ಹಿಂದೆ. ಡ್ರಾ ಆದರೂ ಟ್ರೋಫಿ ನನ್ನದು. ಅವರಿಗೆ ಬೇಕಿದ್ದರೆ ಗೆಲ್ಲಲೇಬೇಕು.

ಪ್ರತಿ ನಡೆಯ ನಂತರ ಗೌಡರು ಎದ್ದು ವರಾಂಡಕ್ಕೆ ಹೋಗಿ ಬರುತ್ತಿದ್ದರು. ನನ್ನ ರೇಟಿಂಗಿಗೆ ಹೆದರಿದ್ದಾರೆಂದು ಒಳಗೊಳಗೇ ಬೀಗಿದೆ. ಬೀಗುತ್ತಲೇ ಒಂದು ಆನೆ ಕಳೆದುಕೊಂಡೆ. ಕೊನೆಗೆ ಅವರು ಕುದುರೆ ತಂದಿಟ್ಟ ಮನೆ ನೋಡಿದಾಗ, ಏನೇ ಆಡಿದರೂ ಇನ್ನು ಮೂರ್ನಾಲ್ಕು ನಡೆಗಳಲ್ಲಿ ನನ್ನ ರಾಜ ಸಿಕ್ಕಿಬೀಳುವುದು ಖಚಿತವಾಗಿತ್ತು.

"ಡ್ರಾ ಮಾಡ್ಕೊಳ್ಳಣ ಮಾರಾಯ್ರೆ," ಎಂದರು ಗೌಡರು, ಮೆಲ್ಲಗೆ.

"ಯಾಕೆ?"

"ಕಳಸದ ಕಡೆ ಮೋಡ ಕಟ್ಟಿದೆ. ಕಾಫಿ ಎಲ್ಲ ಕಣದಲ್ಲಿದೆ. ಆಳುಗಳು ಸಂತೆಗೆ ಹೋಗಿದಾರೆ, ಮನೆಯವಳೊಬ್ಳೇ ಟಾರ್ಪಾಲು ಎಳೆಯೋಕೆ ಆಗಲ್ಲ. ನೆನೆದ್ರೆ ವರ್ಷದ ಬೆಳೆ ಹೋಯ್ತು. ನೀವು ಯೋಚ್ನೆ ಮಾಡ್ತಾ ಕೂತ್ರೆ ಇನ್ನೂ ಮುಕ್ಕಾಲು ಗಂಟೆ."

ಆಗಲೇ ಅವರು ವರಾಂಡದಲ್ಲಿ ನೋಡುತ್ತಿದ್ದುದು ಏನನ್ನೆಂದು ತಿಳಿದದ್ದು. ನಾನು ಸೋಲೊಪ್ಪಿಕೊಂಡಿದ್ದರೂ ಅವರು ಅಷ್ಟೇ ಬೇಗ ಹೊರಡಬಹುದಿತ್ತು. ಅದು ಹೊಳೆಯಲಿಲ್ಲ ಅಂತಲ್ಲ. ಕೈ ಕುಲುಕಿದೆ. ಜೀವ ಬಂದಂತಾಯಿತು. ಗೌಡರು ಕಾಯಿ ಕೂಡ ಜೋಡಿಸದೆ ಜೀಪಿನ ಕಡೆ ಓಡಿದರು.

ಮಧ್ಯಾಹ್ನದ ಬಸ್ಸು ಬಣಕಲ್ಲಿನಲ್ಲಿ ನಿಂತಾಗ ಚುರುಗುಟ್ಟುವ ಬಿಸಿಲು. ಮೋಡ ಎತ್ತಲೋ ಹೋಗಿತ್ತು. ರಸ್ತೆಗೆ ತಾಗಿದ ಕಣದಲ್ಲಿ ಗೌಡರೂ ಅವರ ಹೆಂಡತಿಯೂ ಹೊದಿಸಿದ್ದ ಟಾರ್ಪಾಲನ್ನು ಮತ್ತೆ ತೆಗೆಯುತ್ತಿದ್ದರು. ನನ್ನನ್ನು ಕಂಡು ಗೌಡರು ಕಿಟಕಿಯ ಹತ್ತಿರ ಬಂದರು.

"ಒಂದು ಹನಿ ಬೀಳ್ಲಿಲ್ಲ ನೋಡಿ. ಗೆಲ್ತಿದ್ದೆ ಕಣೇ ಅಂದ್ರೆ ಇವ್ಳು ನಂಬ್ತಿಲ್ಲ. ನೀವೇ ಹೇಳಿ."

ಆಕೆ ಟಾರ್ಪಾಲಿನ ತುದಿ ಹಿಡಿದುಕೊಂಡೇ ನನ್ನತ್ತ ನೋಡಿದರು.

"ಅವ್ರು ಗೆಲ್ತಿದ್ರು," ಎಂದೆ. ಇಂಜಿನ್ನಿನ ಸದ್ದಿಗೆ ಆಕೆಗೆ ಕೇಳಿಸಲಿಲ್ಲ.

"ಜೋರಾಗಿ ಹೇಳಿ ಮಾರಾಯ್ರೆ!" ಎಂದರು ಗೌಡರು.

ಬಸ್ಸು ಹೊರಟಿತು. ನಾನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ, "ನಾನು ಸೋತಿದ್ದೆ!" ಆಕೆ ನಕ್ಕದ್ದು ಕಂಡಿತು. ಒಳಗೆ ಬಸ್ಸಿನವರೆಲ್ಲ ತಿರುಗಿ ನನ್ನ ಮುಖವನ್ನೂ ತೊಡೆಯ ಮೇಲಿದ್ದ ಟ್ರೋಫಿಯನ್ನೂ ನೋಡುತ್ತಿದ್ದರು.