ಕರೆಂಟು ಹೋದಾಗಿನ ಕಾರು

ರಾಯದುರ್ಗದ ನಮ್ಮ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ದುಡಿಯುವ ಯಾರ ಮನೆಯಲ್ಲೂ ಕಾರಿರಲಿಲ್ಲ. ಆದರೂ ತಿಂಗಳಿಗೊಮ್ಮೆ ಬರುವ ಕಾರಿನ ಪತ್ರಿಕೆಗೆ ಎಲ್ಲರೂ ಕಾಯುತ್ತಿದ್ದರು. ಮಧ್ಯಾಹ್ನ ಕರೆಂಟು ಹೋದರೆ ಮಷೀನುಗಳು ನಿಲ್ಲುತ್ತಿದ್ದವು. ಹೊಲಿದ ಪ್ಯಾಂಟುಗಳ ಉಳಿಕೆ ದಾರ ಕತ್ತರಿಸುವ ಕೆಲಸ ಮಾತ್ರ ನಡೆಯುತ್ತಿತ್ತು. ಆಗ ನಾನು ಪತ್ರಿಕೆಯನ್ನು ಎಲ್ಲರಿಗೂ ಕೇಳುವ ಹಾಗೆ ಓದಬೇಕು, ನನ್ನ ಪಾಲಿನ ಪ್ಯಾಂಟುಗಳನ್ನು ಉಳಿದವರು ಹಂಚಿಕೊಳ್ಳಬೇಕು. ಅದು ನಮ್ಮ ಶೆಡ್ಡಿನ ಕಟ್ಟಳೆ.

ಆ ಪತ್ರಿಕೆಯಲ್ಲಿ ಒಬ್ಬರು ಬರೆಯುತ್ತಿದ್ದರು. ಘಾಟಿ ಏರುವಾಗ ಎರಡನೇ ಗೇರು ಹೇಗೆ ಗೊಣಗಿತು, ಹಿಂದಿನ ಸೀಟಿನಲ್ಲಿ ಕೂತ ಅವರ ಅತ್ತೆಗೆ ಸೊಂಟ ಯಾಕೆ ಹಿಡಿಯಿತು, ಎಲ್ಲ ಬರೆಯುವರು. ಕಾರು ಚೆನ್ನಾಗಿಲ್ಲದಿದ್ದರೆ ಮುಲಾಜಿಲ್ಲದೆ ಹೇಳುವರು. ಪೆಟ್ರೋಲು ಜಾಸ್ತಿ ಕುಡಿಯುವ ಕಾರಿಗೆ ನಾವೆಲ್ಲ ಸೇರಿ ಶಾಪ ಹಾಕುತ್ತಿದ್ದೆವು, ನಾಳೆ ನಾವೇ ಕೊಳ್ಳುವವರ ಹಾಗೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ, ಗುಂಡಿ ಹಚ್ಚುವ ಅಕ್ಕನಿಗಂತೂ ಆ ಬರೆಯುವವರು ಹೇಳಿದ್ದೇ ವೇದ.

ಬರಬರುತ್ತ ಪತ್ರಿಕೆ ತೆಳ್ಳಗಾಯಿತು. ಪುಟಗಳಿಂದ ಘಾಟಿ ಹೋಯಿತು, ಅತ್ತೆಯೂ ಹೋದರು. ಕಂಪನಿಯವರ ಹೊಗಳಿಕೆ, ಬೆಲೆಪಟ್ಟಿ ಉಳಿದವು. ಕೊನೆಗೊಂದು ದಿನ ಬಸ್ ಸ್ಟ್ಯಾಂಡಿನ ಅಂಗಡಿಯವರು, "ನಿಂತ್ಹೋತ್ರಿ ಅದು. ಈಗ ಯಾರು ಓದ್ತಾರ್ರಿ, ಎಲ್ಲಾ ಫೋನಾಗ ನೋಡ್ತಾರ," ಅಂದರು. ಫೋನಿನಲ್ಲೂ ನೋಡಿದೆವು. ಒಬ್ಬ ಕಾರಿನ ಪಕ್ಕ ನಿಂತು ಕೂಗುತ್ತಿದ್ದ. ಅಕ್ಕ ಅದನ್ನು ನಿಲ್ಲಿಸಲು ಹೇಳಿ, ನನ್ನ ಪಾಲಿನ ಪ್ಯಾಂಟುಗಳನ್ನು ತಂದು ನನ್ನ ಮುಂದೆಯೇ ಇಟ್ಟಳು.

ನನಗೆ ಸಿಟ್ಟು ಬಂತು, ಅಕ್ಕನ ಮೇಲಲ್ಲ. ಅಂಥ ಬರಹ ಎಲ್ಲಿ ಬೇಕಾದರೂ ನಿಲ್ಲಲಿ, ನಮ್ಮ ಶೆಡ್ಡಿನಲ್ಲಿ ನಿಲ್ಲಕೂಡದು ಎಂದುಕೊಂಡೆ. ನಾನೇ ಬರೆಯೋಣವೆಂದರೆ ಕಾರೆಲ್ಲಿ? ರಜೆಯ ದಿನ ಪಕ್ಕದ ಗುಮ್ಮಘಟ್ಟಕ್ಕೆ ಹೋಗುವ ಶೇರ್ ಆಟೋದಲ್ಲಿ ಡ್ರೈವರ್ ಪಕ್ಕದಲ್ಲೇ ಕೂತು ಹೋಗಿಬಂದೆ. ಹ್ಯಾಂಡಲ್ ಯಾವ ಕಡೆ ಎಳೆಯುತ್ತದೆ, ಏರಿನಲ್ಲಿ ಎಲ್ಲಿ ಏದುಸಿರು ಬಿಡುತ್ತದೆ, ಕುರಿಮರಿಯನ್ನು ತೊಡೆಯ ಮೇಲಿಟ್ಟುಕೊಂಡ ಅಜ್ಜನಿಗೆ ಕಾಲಿಡಲು ಜಾಗವಿತ್ತೇ, ಎಲ್ಲ ಬರೆದೆ. ಹರಿದು ಹಾಕಿ ಮತ್ತೆ ಬರೆದೆ.

ಕರೆಂಟು ಹೋಯಿತು. ನನ್ನ ಪ್ಯಾಂಟುಗಳನ್ನು ಪಕ್ಕಕ್ಕೆ ಸರಿಸಿ, ಬರೆದದ್ದನ್ನು ಓದಿದೆ. ಯಾರೂ ಅವನ್ನು ಮುಟ್ಟಲಿಲ್ಲ. ಓದಿ ಮುಗಿದ ಮೇಲೂ ಅಕ್ಕ ತಲೆಯೆತ್ತದೆ ತನ್ನ ಪಾಲಿನ ದಾರ ಕತ್ತರಿಸುತ್ತಿದ್ದಳು.

"ಬ್ರೇಕ್ ಹೆಂಗೈತಿ ಅಂತ ಬರ್ದೇ ಇಲ್ಲಲ್ಲಪ್ಪ," ಅಂದಳು ಕೊನೆಗೆ. "ಪತ್ರಿಕ್ಯಾಗ ಅವ್ರು ಬ್ರೇಕಿನ ಮಾತು ಬಿಡ್ತಿರ್ಲಿಲ್ಲ."

"ಮರ್ತೆ ಅಕ್ಕ. ಮುಂದಿನ ರಜಾಕ್ಕ ಮತ್ತ ಹೋಗ್ತೀನಿ."

"ಇಳಿಜಾರಾಗ ನೋಡ್ಕೊಂಡು ಬಾ," ಎಂದು ಅಕ್ಕ ನನ್ನ ಪ್ಯಾಂಟುಗಳನ್ನು ತನ್ನ ಕಡೆಗೆ ಎಳೆದುಕೊಂಡಳು.